ಅಕ್ಕನ ಐದು ಗುಳಿಗೆ

ಮೊನ್ನೆ ಕೊಪ್ಪಳದ ಮನೆಯಲ್ಲಿ ಹಳೇ ಟ್ರಂಕು ತೆಗೆದಾಗ ಅಕ್ಕನ ಆಸ್ಪತ್ರೆ ಫೈಲು ಸಿಕ್ಕಿತು. ಒಳಗೆ ಒಂದು ಖಾಲಿ ಗುಳಿಗೆ ಪಟ್ಟಿ. ಲೆಟ್ರೋಜೋಲ್! ನೋಡಿದ್ದೇ ತಡ, 2011ರ ಅಕ್ಟೋಬರ್ ನೆನಪಾಯಿತು.

ಅಕ್ಕನನ್ನು ಕೊಟ್ಟಿದ್ದು ಯಲಬುರ್ಗಾ ಕಡೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿಲ್ಲ. ಹುಲಿಗೆಮ್ಮನಿಗೆ ಹರಕೆ, ಕುಷ್ಟಗಿ ಕಡೆಯ ನಾಟಿ ಔಷಧಿ ಎಲ್ಲಾ ಮುಗಿದ ಮೇಲೆ ಗಂಗಾವತಿಯ ಡಾಕ್ಟರೊಬ್ಬರು ಇದನ್ನು ಬರೆದುಕೊಟ್ಟರು. ಮುಟ್ಟಾದ ಮೂರನೇ ದಿನದಿಂದ ಐದು ದಿನ, ದಿನಕ್ಕೊಂದು. ಏನು, ಯಾಕೆ ಅಂತ ಹೇಳಲಿಲ್ಲ, ಇವಳೂ ಕೇಳಲಿಲ್ಲ. ಮೂರನೇ ತಿಂಗಳಿಗೇ ಬಸಿರಾದಳು.

ನಾಲ್ಕು ತಿಂಗಳು ತುಂಬಿದಾಗ ಪೇಪರಿನಲ್ಲಿ ಸುದ್ದಿ ಬಂತು. ಬಂಜೆತನದ ಚಿಕಿತ್ಸೆಗೆ ಲೆಟ್ರೋಜೋಲ್ ಬಳಸುವುದನ್ನು ಕೇಂದ್ರ ಸರ್ಕಾರ ನಿಷೇಧಿಸಿದೆಯಂತೆ. ಸಂಜೆಗೇ ಅಕ್ಕನ ಫೋನು. "ಯವ್ವಾ, ಅದು ಕ್ಯಾನ್ಸರಿನ ಗುಳಿಗಿ ಅಂತಲ್ಲ! ಕೂಸಿಗೆ ಏನರ ಆದ್ರ ಏನ್ ಮಾಡ್ಲಿ?"

ಏನು ಹೇಳಬೇಕೋ ತಿಳಿಯಲಿಲ್ಲ. ಆಮೇಲೆ ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ.

ಈ ಕೆಲಸಕ್ಕೆ ಹಳೆಯ ಔಷಧಿ ಕ್ಲೋಮಿಫೀನ್. ಅಂಡ ಬಿಡುಗಡೆಗೆ ಇದು ನೆರವಾಗುತ್ತದೆಂದು ಅಮೆರಿಕದಲ್ಲಿ 1961ರಲ್ಲಿ ವರದಿಯಾಯಿತು, 1967ರಲ್ಲಿ ಒಪ್ಪಿಗೆ ಸಿಕ್ಕಿತು. ಮೈ ಬಿಸಿಯೇರುವುದು, ತಲೆನೋವು, ಕೆಲವರಿಗೆ ಕಣ್ಣು ಮಂಜಾಗುವುದು, ಅವಳಿ ಮಕ್ಕಳು, ಇವೆಲ್ಲ ಅದರ ಜೊತೆಗೆ ಬಂದವು. ಲೆಟ್ರೋಜೋಲ್ ಬಂದಿದ್ದು ಸ್ತನ ಕ್ಯಾನ್ಸರಿಗೆ, ಅದೂ ಮುಟ್ಟು ನಿಂತವರಿಗೆ. ಈಸ್ಟ್ರೋಜನ್ ತಯಾರಿಕೆಯನ್ನೇ ಅದು ತಗ್ಗಿಸುತ್ತದೆ. ಆಗ ಮಿದುಳು ಅಂಡಾಶಯವನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಕೆನಡಾದ ವೈದ್ಯರಾದ ಮಿಟ್ವಲ್ಲಿ, ಕ್ಯಾಸ್ಪರ್ 2001ರಲ್ಲಿ ಇದನ್ನು ಬಂಜೆತನಕ್ಕೆ ಬಳಸಿ ಪ್ರಬಂಧ ಬರೆದರು.

ಹೆದರಿಕೆ ಹುಟ್ಟಿದ್ದು 2005ರಲ್ಲಿ. ಮಾಂಟ್ರಿಯಲ್‌ನ ಸಮ್ಮೇಳನವೊಂದರಲ್ಲಿ ಸುಮಾರು 150 ಕೂಸುಗಳ ಲೆಕ್ಕ ಕೊಟ್ಟು, ಹೃದಯ ಮತ್ತು ಮೂಳೆಯ ದೋಷ ಹೆಚ್ಚು ಎಂದರು. ಹೋಲಿಸಿದ್ದು ಯಾರಿಗೆ ಗೊತ್ತೇ? ಸುಮ್ಮನೆ ಸಹಜವಾಗಿ ಬಸಿರಾದ, ವಯಸ್ಸೂ ಕಡಿಮೆಯಿದ್ದ ತಾಯಂದಿರ ಮಕ್ಕಳಿಗೆ! ಅದು ಪೂರ್ಣ ಪ್ರಬಂಧವಾಗಿ ಕೊನೆಗೂ ಅಚ್ಚಾಗಲಿಲ್ಲ. ಮರುವರ್ಷವೇ ಟುಲಾಂಡಿ ಮತ್ತಿತರರು 911 ಕೂಸುಗಳನ್ನು ನೋಡಿದರು. ಲೆಟ್ರೋಜೋಲ್ ಕೂಸುಗಳಲ್ಲಿ ದೋಷ ನೂರಕ್ಕೆ 2.4, ಕ್ಲೋಮಿಫೀನಿನಲ್ಲಿ 4.8. ಇನ್ನೊಂದು ಮಾತು. ಲೆಟ್ರೋಜೋಲ್ ಎರಡು ದಿನಕ್ಕೊಮ್ಮೆ ಅರ್ಧರ್ಧ ಕರಗುತ್ತಾ ಹೋಗುತ್ತದೆ. ಗರ್ಭ ಕಟ್ಟುವ ಹೊತ್ತಿಗೆ ಬಹುತೇಕ ಖಾಲಿ. ಕ್ಲೋಮಿಫೀನ್ ವಾರಗಟ್ಟಲೆ ಮೈಯಲ್ಲಿರುತ್ತದೆ. ಅದನ್ನು ಯಾರೂ ನಿಷೇಧಿಸಲಿಲ್ಲ :)

ಹಾಗೆಂದು ಸರ್ಕಾರವನ್ನೇ ಪೂರ್ತಿ ಬೈಯಲಾರೆ. ಎಳೆ ಹೆಂಗಸರಿಗೆ ಕೊಡುವ ಮೊದಲು ಇಲ್ಲಿ ನೆಟ್ಟಗೆ ಪರೀಕ್ಷೆ ಆಗಬೇಕಿತ್ತು ಎಂಬ ಆಕ್ಷೇಪ ಸುಳ್ಳಲ್ಲ. ಆದರೆ ಆಗಲೇ ನುಂಗಿದವರಿಗೆ ಒಂದು ಸಮಾಧಾನದ ಮಾತು ಯಾರೂ ಹೇಳಲಿಲ್ಲವಲ್ಲ, ಅದು ನನಗೆ ಇವತ್ತಿಗೂ ಸಿಟ್ಟು.

ಅಮೆರಿಕದಲ್ಲಿ ಪಿಸಿಓಎಸ್ ಇದ್ದ 750 ಹೆಂಗಸರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಲೆಟ್ರೋಜೋಲ್ ತಗೊಂಡವರಲ್ಲಿ ನೂರಕ್ಕೆ 27.5 ಹೆರಿಗೆ, ಕ್ಲೋಮಿಫೀನಿನಲ್ಲಿ 19.1. ದೋಷಗಳಲ್ಲಿ ಹೇಳುವಂಥ ವ್ಯತ್ಯಾಸವಿಲ್ಲ. 2017ರಲ್ಲಿ ಭಾರತ ನಿಷೇಧ ತೆಗೆಯಿತು. ಈ ಸುದ್ದಿ ನಮ್ಮ ಮನೆಗೆ ಬರಲೇ ಇಲ್ಲ.

ಐದನೇ ತಿಂಗಳ ಸ್ಕ್ಯಾನಿಂಗಿಗೆ ಕೊಪ್ಪಳಕ್ಕೆ ಹೋದಾಗ ಅಕ್ಕ ನನ್ನ ಕೈ ಬಿಟ್ಟಿರಲಿಲ್ಲ. "ಎಲ್ಲಾ ಸರಿ ಐತಿ" ಅಂದರೂ ನಂಬಲಿಲ್ಲ. 2012ರಲ್ಲಿ ಹೆರಿಗೆಯಾದ ಕೂಡಲೇ ಕೂಸಿನ ಬೆರಳುಗಳನ್ನು ಎರಡೆರಡು ಸಲ ಎಣಿಸಿದಳು.

ಆ ಹುಡುಗಿಯೇ ಮೊನ್ನೆ ಟ್ರಂಕಿನ ಮುಂದೆ ಕೂತು, "ಚಿಕ್ಕಮ್ಮಾ, ಇದೇನು?" ಅಂತ ಪಟ್ಟಿ ಎತ್ತಿ ತೋರಿಸಿದ್ದು.