ಪೀಚೆಕತ್ತಿಯೂ ಅದನ್ನು ಮಾಡಿದ ಕೈಗಳೂ

ಆಯುಧಗಳ ಚರಿತ್ರೆಯೆಂದರೆ ಅವನ್ನು ಹಿಡಿದವರ ಚರಿತ್ರೆಯೆಂದೇ ನಾವು ಬಹುಕಾಲದಿಂದ ಭಾವಿಸುತ್ತ ಬಂದಿದ್ದೇವೆ. ಯುದ್ಧವನ್ನು ಗೆದ್ದ ಅರಸನ ಹೆಸರು ಶಾಸನದಲ್ಲಿ ಉಳಿಯುತ್ತದೆ. ಹೋರಾಡಿ ಮಡಿದ ವೀರನ ನೆನಪು ವೀರಗಲ್ಲಿನಲ್ಲಿ ನಿಲ್ಲುತ್ತದೆ. ಆ ವೀರನ ಕತ್ತಿಯನ್ನು ಬಡಿದ ಕಮ್ಮಾರನು ಮಾತ್ರ ಅಜ್ಞಾತನಾಗಿಯೇ ಉಳಿಯುತ್ತಾನೆ. ಈ ಮಾತಿಗೆ ನಮ್ಮ ನೆರೆನಾಡಾದ ಕೊಡಗಿನ ಪೀಚೆಕತ್ತಿ ಉತ್ತಮವಾದ ನಿದರ್ಶನ.

ಕಾಸರಗೋಡಿನವರಾದ ನಮಗೆ ಕೊಡಗು ದೂರದ ದೇಶವಲ್ಲ. ಪಾಣತ್ತೂರಿನಿಂದ ಕರಿಕೆಯ ಮಾರ್ಗವಾಗಿ ಘಟ್ಟವನ್ನೇರಿದರೆ ಭಾಗಮಂಡಲ. ಆ ನಾಡಿನ ಉತ್ಸವಗಳಲ್ಲಿ ಕಪ್ಪು ಕುಪ್ಯವನ್ನು ತೊಟ್ಟು, ಕೆಂಪು ರೇಷ್ಮೆಯ ಚೇಲೆಯನ್ನು ನಡುವಿಗೆ ಬಿಗಿದ ಕೊಡವರನ್ನು ವಾಚಕರು ಕಂಡಿರಬಹುದು. ಆ ಚೇಲೆಯಲ್ಲಿ ಮುಂಗಡೆ ಸಿಕ್ಕಿಸಿದ, ಬೆಳ್ಳಿಯ ಒರೆಯುಳ್ಳ ಕಿರುಗತ್ತಿಯೇ ಪೀಚೆಕತ್ತಿ. ಬೆನ್ನ ಹಿಂದೆ ತೋಡಂಗಿನಲ್ಲಿ ಧರಿಸುವ, ಅಗಲವಾಗಿ ಬಾಗಿದ ಒಡಿಕತ್ತಿಯು ಬೇರೆ; ಮದುವೆಯಲ್ಲಿ ಬಾಳೆಯ ದಿಂಡನ್ನು ಕಡಿಯುವುದು ಅದರಿಂದ. ಮಲೆಯಾಳದಲ್ಲಿ ಚೂರಿಯನ್ನು ‘ಪಿಚ್ಚಾತ್ತಿ’ ಎನ್ನುವುದನ್ನು ನಾವು ಪೇಟೆಯಲ್ಲಿ ನಿತ್ಯವೂ ಕೇಳುತ್ತೇವೆ. ಪೀಚೆಕತ್ತಿ, ಪಿಚ್ಚಾತ್ತಿಗಳೆರಡೂ ಒಂದೇ ಬಳಗದ ಮಾತುಗಳು. ಘಟ್ಟದ ಮೇಲಿನವರೂ ಕೆಳಗಿನವರೂ ಹೀಗೆ ಒಂದೇ ವಸ್ತುವನ್ನು ತಮ್ಮದೆಂದು ಕರೆದಿದ್ದಾರೆ.

ಗೇಣಿಗೆ ಹತ್ತಿರದ ಅಲಗುಳ್ಳ ಈ ಸಣ್ಣ ವಸ್ತುವಿನಲ್ಲಿ ಮೂರು ಕಸುಬುಗಳ ಸಂಗಮವಿದೆ. ಮೊದಲನೆಯದು ಕಮ್ಮಾರನದು. ತಿದಿಯನ್ನೊತ್ತಿ, ಉಕ್ಕನ್ನು ಕೆಂಪಗೆ ಕಾಸಿ, ಅಡಿಗಲ್ಲಿನ ಮೇಲೆ ಬಡಿದು, ಬೆನ್ನನ್ನು ದಪ್ಪವಾಗಿಯೂ ಬಾಯಿಯನ್ನು ತೆಳುವಾಗಿಯೂ ಆತನು ಎಳೆಯುತ್ತಾನೆ. ಬಳಿಕ ಹದ. ಕಾಸಿದ ಅಲಗನ್ನು ತಟಕ್ಕನೆ ತಣಿಸಿದರೆ ಅದು ಗಡಸಾಗುತ್ತದೆ; ಆದರೆ ಗಾಜಿನಂತೆ ಒಡೆಯುವ ಸ್ವಭಾವವೂ ಬರುತ್ತದೆ. ಆದುದರಿಂದ ಮತ್ತೆ ಮೆಲ್ಲನೆ ಬಿಸಿಮಾಡಿ, ಉಜ್ಜಿದ ಲೋಹದ ಮೇಲೆ ಒಣಹುಲ್ಲಿನ ಹಳದಿ ಬಣ್ಣವು ಮೂಡುತ್ತಲೇ ತೆಗೆಯಬೇಕು. ಕ್ಷಣ ತಡವಾದರೆ ಬಣ್ಣವು ನೀಲಿಗೆ ತಿರುಗುತ್ತದೆ, ಅಲಗು ಮೆತ್ತಗಾಗುತ್ತದೆ. ಉಷ್ಣಮಾಪಕವಿಲ್ಲದ ಕಾಲದಲ್ಲಿ ಈ ಲೆಕ್ಕವೆಲ್ಲ ಕಣ್ಣಿನದು. ಬಿಸಿಲಿನಲ್ಲಿ ಕೆಂಡದ ಬಣ್ಣ ತಿಳಿಯದಾದುದರಿಂದಲೇ ಕುಲುಮೆಗೆ ನೆರಳು ಬೇಕು. ಹದವಾದ ಅಲಗು ಸಾಣೆಗೆ ಹೋಗುತ್ತದೆ.

ಎರಡನೆಯದು ಮರಗೆಲಸದವನ ಕೈ. ಹಿಡಿಯನ್ನು ಕೊಂಬಿನಿಂದಲೋ ಮರದಿಂದಲೋ ಕಡೆಯಬೇಕು. ಒರೆಯ ಮರವನ್ನು ಅಲಗಿನ ಅಳತೆಗೆ ಕೊರೆಯಬೇಕು. ಅಲಗು ಒರೆಯಲ್ಲಿ ಗಲಗಲಿಸಲೂಬಾರದು, ಸಿಕ್ಕಿಕೊಳ್ಳಲೂಬಾರದು. ತಿಂಗಳುಗಟ್ಟಲೆ ಮಳೆ ಸುರಿಯುವ ನಾಡಿನಲ್ಲಿ ಹಸಿಮರವು ಉಬ್ಬಿ ಅಲಗನ್ನು ಕಚ್ಚಿಕೊಳ್ಳುತ್ತದೆ. ಆದುದರಿಂದ ಚೆನ್ನಾಗಿ ಆರಿದ ಮರವೇ ಆಗಬೇಕು. ಮೂರನೆಯವನು ಅಕ್ಕಸಾಲಿ. ಬೆಳ್ಳಿಯ ತಗಡನ್ನು ಅರಗಿನ ಮೇಲಿಟ್ಟು, ಸಣ್ಣ ಉಳಿಗಳಿಂದ ಹಿಂದಿನಿಂದಲೂ ಮುಂದಿನಿಂದಲೂ ತಟ್ಟಿ, ಹೂಬಳ್ಳಿಗಳನ್ನು ಎಬ್ಬಿಸಿ, ಒರೆಗೆ ಹೊದಿಸುತ್ತಾನೆ. ಶ್ರೀಮಂತರ ಕತ್ತಿಗೆ ನಡುನಡುವೆ ಚಿನ್ನವೂ ಸೇರುತ್ತದೆ. ಒರೆಗೆ ತೂಗುವ ಬೆಳ್ಳಿಯ ಸರಪಣಿಯಲ್ಲಿ ಚಿಮುಟ, ಕಿವಿಗಡ್ಡಿ ಮೊದಲಾದವು ಇರುವುದುಂಟು. ಕೊನೆಯಲ್ಲಿ ಅಂಟುವಾಳದ ನೊರೆಯಿಂದ ಉಜ್ಜಿದಾಗ ಬೆಳ್ಳಿಯು ಬೆಳಗುತ್ತದೆ.

ಈ ಕೈಗಳು ಯಾರವು? ಕೊಡಗಿನಲ್ಲಿ ಕಮ್ಮಾರಿಕೆ, ಮರಗೆಲಸಗಳಲ್ಲಿ ಪರಂಪರೆಯಿಂದ ನುರಿತವರು ಐರಿ ಸಮುದಾಯದವರು. ಹತ್ತೊಂಬತ್ತನೆಯ ಶತಮಾನದ ಆಂಗ್ಲ ಬರಹಗಾರರು ಇವರ ಪೂರ್ವಿಕರನ್ನು ಮಲೆಯಾಳ ದೇಶದಿಂದ ಬಂದವರೆಂದು ಹೇಳಿದ್ದಾರೆ. ಹಾಗಾದರೆ ಕೊಡವರ ಅಭಿಮಾನದ ಚಿಹ್ನೆಯಲ್ಲಿ ಘಟ್ಟದ ಕೆಳಗಿನ ಕೈಚಳಕವೂ ಬೆರೆತಿದೆಯೆಂದಾಯಿತು.

ಧರಿಸುವವರ ಗೌರವಕ್ಕೆ ದಾಖಲೆಗಳ ಕೊರತೆಯಿಲ್ಲ. 1834ರಲ್ಲಿ ಕೊಡಗು ಕಂಪೆನಿಯ ವಶವಾಯಿತು. 1861ರಲ್ಲಿ ಮಾರ್ಕ್ ಕಬ್ಬನ್ನರು ಕೊಡವರಿಗೆ ನಿರಾಯುಧೀಕರಣ ಕಾಯಿದೆಯಿಂದ ವಿನಾಯಿತಿಯನ್ನಿತ್ತರು. ಸ್ವತಂತ್ರ ಭಾರತದಲ್ಲಿಯೂ ವಿನಾಯಿತಿಯು ನಡೆದುಬಂದು, 2019ರಲ್ಲಿ ಕೇಂದ್ರ ಸರಕಾರವು ಅದನ್ನು 2029ರವರೆಗೆ ಮುಂದುವರಿಸಿತು. 1880ರಲ್ಲಿ ಎಜರ್ಟನ್ನರು ಪ್ರಕಟಿಸಿದ ಭಾರತೀಯ ಆಯುಧಗಳ ಗ್ರಂಥದಲ್ಲಿ ಕೊಡಗಿನ ಕತ್ತಿಗಳಿಗೂ ಸ್ಥಾನ ದೊರೆಯಿತು. ಪ್ರತಿವರ್ಷ ಸೆಪ್ಟೆಂಬರ್ 3ರ ಸುಮಾರಿಗೆ ಕೈಲ್‌ಪೋಳ್ದ್ ಹಬ್ಬದಲ್ಲಿ ಆಯುಧಗಳನ್ನು ಶುಚಿಗೊಳಿಸಿ, ತೋಕ್‌ಪೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ಕತ್ತಿಗೆ ಕಾಯಿದೆಯುಂಟು, ಗ್ರಂಥವುಂಟು, ಹಬ್ಬವುಂಟು. ಅದನ್ನು ಹದಗೊಳಿಸಿದವನಿಗೆ ಒಂದು ಸಾಲೂ ಇಲ್ಲ.

ಈ ಮಾತನ್ನು ಗಡಿನಾಡಿನ ಸಂಚಿಕೆಯಲ್ಲಿ ಎತ್ತಲು ಕಾರಣವಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಾವು ಭಾಷೆಯ ಉಳಿವಿಗಾಗಿ ಶಾಲೆಯ ಪಾಠವನ್ನೂ ಕಚೇರಿಯ ಪತ್ರವನ್ನೂ ಕುರಿತು ಚಿಂತಿಸುತ್ತ ಬಂದಿದ್ದೇವೆ, ಅದು ಯುಕ್ತವೇ. ಆದರೆ ಭಾಷೆಯು ಕುಲುಮೆಯಲ್ಲಿಯೂ ಇದೆ. ತಿದಿ, ಅಡಿಗಲ್ಲು, ಇಕ್ಕುಳ, ಸಾಣೆ, ಹದ ಎಂಬ ಪದಗಳು ನಿಘಂಟಿನಲ್ಲಿ ಉಳಿದರೂ ಕುಲುಮೆಯು ಆರಿದ ದಿನ ಅವುಗಳ ಅರ್ಥವು ತಣ್ಣಗಾಗುತ್ತದೆ. ನಮ್ಮ ವಿದ್ಯಾರ್ಥಿಗಳು ತಮ್ಮ ಊರಿನ ಹಿರಿಯ ಕಮ್ಮಾರರ, ಅಕ್ಕಸಾಲಿಗಳ ಬಳಿ ಕುಳಿತು, ಉಪಕರಣಗಳ ಹೆಸರುಗಳನ್ನು ಕನ್ನಡ, ತುಳು, ಮಲೆಯಾಳ ಯಾವ ಮಾತಿನಲ್ಲಿದ್ದರೂ ಹಾಗೆಯೇ ಬರೆದಿಡಲಿ. ಜೊತೆಗೆ ಆ ಹಿರಿಯರ ಹೆಸರನ್ನೂ ಬರೆಯಲಿ. ಶಾಸನಗಳು ಮರೆತುದನ್ನು ನಮ್ಮ ಮಕ್ಕಳ ಪುಸ್ತಕಗಳಾದರೂ ನೆನೆಯಲಿ.