ಅರ್ಧ ಗಂಟೆಯ ದರ್ಶನ, ಆರು ಶತಮಾನಗಳ ಕಟ್ಟಡ

ಯೂರೋಪಿನ ಗುಂಪು ಪ್ರವಾಸ ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೂ ಈಗ ಅಪರಿಚಿತವಲ್ಲ. ಹತ್ತು ಹನ್ನೆರಡು ದಿನಗಳಲ್ಲಿ ಐದಾರು ದೇಶಗಳು: ಪ್ಯಾರಿಸಿನ ಐಫೆಲ್ ಗೋಪುರ, ಕಲೋನಿನ ಪ್ರಧಾನಾಲಯ, ಸ್ವಿಟ್ಜರ್ಲೆಂಡಿನ ಹಿಮಶಿಖರ, ಪೀಸಾದ ವಾಲುಗೋಪುರ, ಕಟ್ಟಕಡೆಗೆ ರೋಮ್. ಬಸ್ಸಿನಿಂದ ಇಳಿದವರಿಗೆ ಮಾರ್ಗದರ್ಶಿಯು ದೇವಾಲಯದ ಎತ್ತರ, ಉದ್ದ, ಕಟ್ಟಿದ ಇಸವಿಗಳನ್ನು ತಿಳಿಸಿ, ಎಷ್ಟು ಗಂಟೆಗೆ ಹಿಂದಿರುಗಬೇಕೆಂದು ಹೇಳುತ್ತಾನೆ. ಅರ್ಧ ಗಂಟೆಯಲ್ಲಿ ಒಂದು ಸುತ್ತು, ಒಂದು ಮೇಣದಬತ್ತಿ, ನಾಲ್ಕು ಛಾಯಾಚಿತ್ರ. ಸಮಯ ಸಾಲಲಿಲ್ಲವೆಂಬುದು ಎಲ್ಲರ ದೂರು.

ದೂರು ನ್ಯಾಯವಾದುದೇ. ಆದರೆ ಮಾರ್ಗದರ್ಶಿ ಹೇಳುವ ಆ ಒಂದು ಇಸವಿ ಸಮಯದ ಅಭಾವಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಈ ದೇವಾಲಯಗಳಲ್ಲಿ ಯಾವುದೂ ಒಂದು ಇಸವಿಯಲ್ಲಿ ಆದದ್ದಲ್ಲ. ಅಡಿಗಲ್ಲು ಇಟ್ಟವರು ಮುಗಿದದ್ದನ್ನು ಕಂಡದ್ದಿಲ್ಲ. ನಡುವೆ ಹಣ ಮುಗಿದಿದೆ, ಜಗಳವಾಗಿದೆ, ಬೆಂಕಿ ಬಿದ್ದಿದೆ, ಕೆಲವೊಮ್ಮೆ ದೇವಾಲಯ ಕಟ್ಟುವ ಹುಮ್ಮಸ್ಸೇ ಸಭೆಯನ್ನು ಒಡೆದಿದೆ. ಇದನ್ನರಿಯದೆ ನೋಡಿ ಬಂದವರಿಗೆ ಧರ್ಮಸಭೆ ಎಂದರೆ ಕಲ್ಲಿನ ವೈಭವವೆಂಬ ಭಾವನೆ ಉಳಿಯುತ್ತದೆ. ಪ್ರವಾಸದ ಬಸ್ಸು ಹೋಗುವ ಹಾದಿಯಲ್ಲೇ ಕೆಲವು ನಿಲುಗಡೆಗಳನ್ನು ಇತಿಹಾಸದ ಕಣ್ಣಿನಿಂದ ನೋಡೋಣ.

ಪ್ಯಾರಿಸಿನ ನೋತ್ರ್ ದಾಮ್ ಪ್ರಧಾನಾಲಯವನ್ನು 1163ರಲ್ಲಿ ಆರಂಭಿಸಿದವರು ಧರ್ಮಾಧ್ಯಕ್ಷ ಮೊರೀಸ್ ದ ಸುಲ್ಲಿ. ಅವರು 1196ರಲ್ಲಿ ತೀರಿಕೊಂಡರು. ಮುಂಭಾಗದ ಎರಡು ಗೋಪುರಗಳು ಏಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಮುಂಭಾಗದ ಬಾಗಿಲುಗಳ ಮೇಲೆ ಸಾಲಾಗಿ ನಿಂತ ಇಪ್ಪತ್ತೆಂಟು ರಾಜರ ಮೂರ್ತಿಗಳನ್ನು ಎಲ್ಲರೂ ಛಾಯಾಚಿತ್ರದಲ್ಲಿ ಹಿಡಿಯುತ್ತಾರೆ. ಅವು ಯೂದ ರಾಜ್ಯದ ಅರಸರು, ಅಂದರೆ ಮತ್ತಾಯನ ಶುಭಸಂದೇಶದ ವಂಶಾವಳಿಯಲ್ಲಿ ಬರುವ ಕ್ರಿಸ್ತನ ಪೂರ್ವಜರು. 1793ರಲ್ಲಿ ಕ್ರಾಂತಿಕಾರಿಗಳು ಇವರನ್ನು ಫ್ರಾನ್ಸಿನ ರಾಜರೆಂದು ಭಾವಿಸಿ ಕೆಳಕ್ಕೆಳೆದು ತಲೆ ಕಡಿದರು. ಬೈಬಲ್ ಮರೆತವರಿಗೆ ಯಾವ ರಾಜನಾದರೂ ಒಂದೇ! ನಾವು ಇಂದು ಕಾಣುವ ಮೂರ್ತಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಮರಳಿ ಕೆತ್ತಿದವು. ಕಳೆದುಹೋಗಿದ್ದ ಮೂಲ ತಲೆಗಳಲ್ಲಿ ಇಪ್ಪತ್ತೊಂದು, 1977ರಲ್ಲಿ ಅದೇ ನಗರದ ಒಂದು ಹಳೆಯ ಭವನದ ನೆಲ ಅಗೆಯುವಾಗ ಸಿಕ್ಕವು. ಮೂಗು ಮುರಿದ, ಬಣ್ಣದ ಕುರುಹು ಉಳಿದ ಆ ಮುಖಗಳು ಕ್ಲೂನಿ ವಸ್ತುಸಂಗ್ರಹಾಲಯದಲ್ಲಿವೆ. ಗುಂಪು ಪ್ರವಾಸದವರನ್ನು ಅಲ್ಲಿಗೆ ಕರೆದೊಯ್ಯುವುದು ಅಪರೂಪ.

2019ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ ಸಂಜೆ ಇದೇ ದೇವಾಲಯದ ಛಾವಣಿಗೆ ಬೆಂಕಿ ಹತ್ತಿತು. ಮರದ ಮೊನೆಗೋಪುರ ಮುರಿದುಬಿದ್ದ ದೃಶ್ಯವನ್ನು ಜಗತ್ತೇ ನೋಡಿತು. ಬಿದ್ದ ಆ ಗೋಪುರ ಮಧ್ಯಯುಗದ್ದಲ್ಲ, ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದಲ್ಲಿ ಶಿಲ್ಪಿ ವಿಯೊಲೆ ಲ ದುಕ್ ಕಟ್ಟಿಸಿದ್ದು. ನಿಜವಾಗಿ ಹಳೆಯದಾಗಿದ್ದದ್ದು ಅದರ ಕೆಳಗಿನ ಓಕ್ ಮರದ ತೊಲೆಗಳ ಜಂತೆ. ಮುಳ್ಳಿನ ಕಿರೀಟವೆಂದು ಪೂಜ್ಯವಾದ ಅವಶೇಷವನ್ನು ಹೊರತಂದು ಉಳಿಸಿದರು. ಸುಮಾರು 2,000 ಓಕ್ ಮರಗಳನ್ನು ಕಡಿದು, ಹಲವು ತೊಲೆಗಳನ್ನು ಹಳೆಯ ಕ್ರಮದಂತೆ ಕೈಗೊಡಲಿಯಿಂದಲೇ ಕೆತ್ತಿ, 2024ರ ಡಿಸೆಂಬರಿನಲ್ಲಿ ದೇವಾಲಯದ ಬಾಗಿಲು ತೆರೆಯಲಾಯಿತು. 150 ದೇಶಗಳ ಸುಮಾರು 3,40,000 ಜನ ಇದಕ್ಕೆ ಕಾಣಿಕೆ ಕೊಟ್ಟಿದ್ದರು. ಧರ್ಮಕ್ಕೂ ಸರ್ಕಾರಕ್ಕೂ ಸಂಬಂಧವಿಲ್ಲವೆಂದು 1905ರಲ್ಲೇ ಕಾನೂನು ಮಾಡಿದ ದೇಶದಲ್ಲಿ ಈ ಕಾರ್ಯ ನಡೆಯಿತೆಂಬುದನ್ನೂ ನೆನೆಯಬೇಕು.

ಪ್ಯಾರಿಸಿನಿಂದ ಬಸ್ಸು ಸಾಮಾನ್ಯವಾಗಿ ಬೆಲ್ಜಿಯಂ ದಾಟಿ ರೈನ್ ನದಿಯ ದಡದ ಕಲೋನ್ ನಗರಕ್ಕೆ ಬರುತ್ತದೆ. ಕಪ್ಪಿಟ್ಟ ಎರಡು ಗೋಪುರಗಳು 157 ಮೀಟರ್ ಎತ್ತರಕ್ಕೆ ಚಾಚಿದ ಆ ಪ್ರಧಾನಾಲಯವನ್ನು ಕತ್ತೆತ್ತಿ ನೋಡಿದವರೆಲ್ಲ ಇದೇ ಮಧ್ಯಯುಗದ ಭಕ್ತಿಯೆಂದು ಹೇಳುತ್ತಾರೆ. ಆ ಗೋಪುರಗಳು ಮುಗಿದದ್ದು 1880ರಲ್ಲಿ.

ಕಥೆ ಆರಂಭವಾಗುವುದು ಯುದ್ಧದ ಲೂಟಿಯಿಂದ. 1162ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೋಸ ಇಟಲಿಯ ಮಿಲಾನ್ ನಗರವನ್ನು ಹಾಳುಗೆಡವಿದ. ಅಲ್ಲಿನ ದೇವಾಲಯವೊಂದರಲ್ಲಿದ್ದ, ಮೂಡಣ ದೇಶದ ಮೂವರು ಜ್ಞಾನಿಗಳದೆಂದು ನಂಬಲಾದ ಅವಶೇಷಗಳನ್ನು ತನ್ನ ಮಂತ್ರಿಯೂ ಕಲೋನಿನ ಮಹಾಧರ್ಮಾಧ್ಯಕ್ಷರೂ ಆಗಿದ್ದ ರೈನಾಲ್ಡರಿಗೆ ಕೊಟ್ಟ. 1164ರಲ್ಲಿ ಅವು ಕಲೋನಿಗೆ ಬಂದವು. ಅವು ಬೆತ್ಲೆಹೇಮಿಗೆ ನಡೆದ ಪಾದಗಳ ಮೂಳೆಗಳೇ ಎಂದು ಇತಿಹಾಸ ಸಾಬೀತು ಮಾಡಲಾರದು. ಆದರೆ ಅವನ್ನು ಕಾಣಲು ಯಾತ್ರಿಕರು ಪ್ರವಾಹದಂತೆ ಬಂದರು. ಅವರಿಗೆ ಹಳೆಯ ದೇವಾಲಯ ಚಿಕ್ಕದಾಯಿತು. 1248ರ ಆಗಸ್ಟ್ 15, ಮಾತೆ ಮರಿಯಳ ಸ್ವರ್ಗಸ್ವೀಕಾರದ ಹಬ್ಬದ ದಿನ ಹೊಸದಕ್ಕೆ ಅಡಿಗಲ್ಲು ಬಿತ್ತು.

ಬಲಿಪೀಠವಿರುವ ಪೂರ್ವಭಾಗ ಮುಗಿದು 1322ರಲ್ಲಿ ಪ್ರತಿಷ್ಠೆಯಾಯಿತು. ಅದರ ಪಶ್ಚಿಮಕ್ಕೆ ತಾತ್ಕಾಲಿಕವೆಂದು ಒಂದು ಗೋಡೆ ಎಬ್ಬಿಸಿದರು. ಆ ‘ತಾತ್ಕಾಲಿಕ’ ಗೋಡೆ ಐನೂರಕ್ಕೂ ಹೆಚ್ಚು ವರ್ಷ ನಿಂತಿತ್ತು. ಹದಿನಾರನೆಯ ಶತಮಾನದಲ್ಲಿ ಕೆಲಸ ಸಂಪೂರ್ಣವಾಗಿ ನಿಂತುಹೋಯಿತು. ಮೊಟುಕಾಗಿ ಉಳಿದ ದಕ್ಷಿಣ ಗೋಪುರದ ತಲೆಯ ಮೇಲೆ, ಕಲ್ಲು ಎತ್ತಲು ನಿಲ್ಲಿಸಿದ್ದ ಮರದ ಕ್ರೇನ್ ಸುಮಾರು ನಾಲ್ಕು ಶತಮಾನ ಹಾಗೆಯೇ ಇತ್ತು. ಕಲೋನಿನ ಹಳೆಯ ಚಿತ್ರಗಳಲ್ಲೆಲ್ಲ ಆ ಕ್ರೇನೇ ನಗರದ ಗುರುತು. ತಾತ, ಮಗ, ಮೊಮ್ಮಗ, ಮರಿಮಗ ಎಲ್ಲರೂ ಅರ್ಧಕ್ಕೆ ನಿಂತ ದೇವಾಲಯದಲ್ಲೇ ಬಲಿಪೂಜೆ ಅರ್ಪಿಸಿ, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಮಣ್ಣಾದರು. ಗೋಪುರಗಳ ಎತ್ತರಕ್ಕಿಂತ ಇದೇ ನನಗೆ ಹೆಚ್ಚಿನ ಅಚ್ಚರಿ.

1794ರಲ್ಲಿ ಬಂದ ಫ್ರೆಂಚ್ ಸೈನ್ಯ ಅದನ್ನು ಉಗ್ರಾಣ ಮಾಡಿಕೊಂಡಿತು. ಮಧ್ಯಯುಗದ ಶಿಲ್ಪಿಗಳು ಚರ್ಮದ ಹಾಳೆಯ ಮೇಲೆ ಬರೆದಿದ್ದ ಮುಂಭಾಗದ ನಕಾಶೆಯ ಒಂದು ಅರ್ಧ 1814ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿಯೂ ಇನ್ನೊಂದು ಅರ್ಧ 1816ರಲ್ಲಿ ಪ್ಯಾರಿಸಿನಲ್ಲಿಯೂ ದೊರೆತವು. 1842ರಲ್ಲಿ ಮತ್ತೆ ಕೆಲಸ ಆರಂಭಿಸುವಾಗ ಕಲ್ಲು ಇಟ್ಟವನು ಪ್ರಷ್ಯದ ರಾಜ ನಾಲ್ಕನೆಯ ಫ್ರೆಡರಿಕ್ ವಿಲಿಯಂ, ಆತ ಪ್ರೊಟೆಸ್ಟೆಂಟ್. ಹಳೆಯ ನಕಾಶೆಯಂತೆಯೇ ಗೋಪುರಗಳು ಮೇಲೆದ್ದವು. 1880ರ ಅಕ್ಟೋಬರ್ 15ರಂದು ಚಕ್ರವರ್ತಿಯ ಸಮ್ಮುಖದಲ್ಲಿ ಸಮಾಪ್ತಿಯ ಉತ್ಸವ ನಡೆದಾಗ, ಆ ಪ್ರಧಾನಾಲಯದ ಮಹಾಧರ್ಮಾಧ್ಯಕ್ಷ ಮೆಲ್ಕರ್ಸ್ ಅಲ್ಲಿರಲಿಲ್ಲ. ಬಿಸ್ಮಾರ್ಕನ ಸರ್ಕಾರಕ್ಕೂ ಧರ್ಮಸಭೆಗೂ ನಡೆದ ಸಂಘರ್ಷದಿಂದ ಅವರು ದೇಶಾಂತರ ಹೋಗಿದ್ದರು. ಆರು ಶತಮಾನ ಕಾದ ಹಬ್ಬ ಕುರುಬನಿಲ್ಲದೆ ನಡೆಯಿತು.

ಎರಡನೆಯ ಮಹಾಯುದ್ಧದಲ್ಲಿ ಈ ಕಟ್ಟಡದ ಮೇಲೆ ಹದಿನಾಲ್ಕು ದೊಡ್ಡ ಬಾಂಬುಗಳು ಬಿದ್ದರೂ ಅದು ನಿಂತಿತು. ಸುತ್ತಲ ನಗರ ನೆಲಸಮವಾಯಿತು. ಇಂದಿಗೂ ಕಲ್ಲುಕುಟಿಗರು, ಗಾಜಿನ ಕುಶಲಕರ್ಮಿಗಳು ಪ್ರಧಾನಾಲಯದ ಸ್ವಂತ ಕಾರ್ಯಾಗಾರದಲ್ಲಿ ದಿನವೂ ದುರಸ್ತಿ ಮಾಡುತ್ತಿರುತ್ತಾರೆ. ಒಳಗೆ ಹೋದವರು ಚಿನ್ನದ ಅವಶೇಷ ಪೆಟ್ಟಿಗೆಯನ್ನು ನೋಡಿಯೇ ನೋಡುತ್ತಾರೆ. ಅದೇ ದೇವಾಲಯದಲ್ಲಿ 1266ರ ಕಲ್ಲಿನ ಶಾಸನವೊಂದಿದೆ; ನಗರದ ಯೆಹೂದ್ಯರಿಗೆ ಮಹಾಧರ್ಮಾಧ್ಯಕ್ಷರು ಕೊಟ್ಟ ಹಕ್ಕುಗಳು ಅದರಲ್ಲಿವೆ. ಮುಂದಿನ ಶತಮಾನದ ಮರದ ಪೀಠಗಳ ಕೆತ್ತನೆಯಲ್ಲಿ ಅದೇ ಯೆಹೂದ್ಯರನ್ನು ಹೀನಾಯವಾಗಿ ಹಾಸ್ಯ ಮಾಡಲಾಗಿದೆ. 1349ರಲ್ಲಿ ಕಲೋನಿನ ಯೆಹೂದ್ಯರ ಕೊಲೆಯಾಯಿತು. 1424ರಲ್ಲಿ ಉಳಿದವರನ್ನು ನಗರದಿಂದ ಹೊರಹಾಕಿದರು. ಭಕ್ತಿಯಿಂದ ಕೆತ್ತಿದ ಕೈಗಳೇ ದ್ವೇಷವನ್ನೂ ಕೆತ್ತಿದವು ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ.

ರೈನ್ ನದಿಯನ್ನೇ ಹಿಡಿದು ಮೇಲಕ್ಕೆ ಹೋದರೆ ಸ್ವಿಟ್ಜರ್ಲೆಂಡಿನ ಗಡಿಯಲ್ಲಿ ಬಾಸೆಲ್ ಸಿಗುತ್ತದೆ. ಬಸ್ಸುಗಳು ಇಲ್ಲಿ ನಿಲ್ಲುವುದು ಕಡಿಮೆ. ಕನ್ನಡಿಗರು ನಿಲ್ಲಬೇಕಾದ ಊರು ಇದು. 1815ರಲ್ಲಿ ಇಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನ ಮೂವರು ಮಿಶನರಿಗಳು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದಿಳಿದರು. ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’, ಕಿಟ್ಟೆಲರ ನಿಘಂಟು, ಕರಾವಳಿಯ ಮನೆಗಳ ಕೆಂಪು ಹಂಚು, ಎಲ್ಲಕ್ಕೂ ಮೂಲ ಆ ಊರಿನ ನಂಟು. ನದಿಯ ಮೇಲಣ ದಿಬ್ಬದಲ್ಲಿ ಕೆಂಪು ಮರಳುಗಲ್ಲಿನ ಹಳೆಯ ಪ್ರಧಾನಾಲಯವಿದೆ. ಅದರೊಳಗಿನ ಬಯಲು ಗೋಡೆಗಳಿಗೆ ಕಾರಣವಿದೆ: 1529ರ ಫೆಬ್ರವರಿಯಲ್ಲಿ ಸುಧಾರಣೆಯ ಆವೇಶದಲ್ಲಿ ಜನ ನುಗ್ಗಿ ಮೂರ್ತಿಗಳನ್ನೂ ಚಿತ್ರಗಳನ್ನೂ ಒಡೆದು ಸುಟ್ಟರು. ಆಗ ಮಹಾವಿದ್ವಾಂಸ ಎರಾಸ್ಮಸ್ ಊರು ಬಿಟ್ಟು ಹೋದ. 1535ರಲ್ಲಿ ಮರಳಿ ಬಂದ, ಮರುವರ್ಷ ಸತ್ತ. ಕೊನೆಯವರೆಗೂ ಹಳೆಯ ಸಭೆಯನ್ನು ಬಿಡದಿದ್ದ ಆತನನ್ನು ಸುಧಾರಣಾವಾದಿಗಳು ತಮ್ಮ ದೇವಾಲಯದೊಳಗೇ ಗೌರವದಿಂದ ಹೂಳಿದರು. ಸಮಾಧಿಶಿಲೆ ಈಗಲೂ ಅಲ್ಲಿದೆ.

ಬಾಸೆಲಿನಲ್ಲಿ ಒಡೆದದ್ದರ ಬೇರು ಒಂದರ್ಥದಲ್ಲಿ ರೋಮಿನಲ್ಲಿದೆ, ಅದೂ ನಾವು ಬೆರಗಾಗಿ ನಿಲ್ಲುವ ಸಂತ ಪೇತ್ರರ ಮಹಾದೇವಾಲಯದಲ್ಲೇ.

ಚಕ್ರವರ್ತಿ ಕಾನ್ಸ್ಟಂಟೈನ್ ನಾಲ್ಕನೆಯ ಶತಮಾನದಲ್ಲಿ ಪೇತ್ರರ ಸಮಾಧಿಯ ಮೇಲೆ ಕಟ್ಟಿಸಿದ್ದ ದೇವಾಲಯ ಸಾವಿರದ ಇನ್ನೂರು ವರ್ಷ ಬಾಳಿ ಶಿಥಿಲವಾಗಿತ್ತು. ಜಗದ್ಗುರು ಎರಡನೆಯ ಜೂಲಿಯಸ್ 1506ರ ಏಪ್ರಿಲ್ 18ರಂದು ಹೊಸದಕ್ಕೆ ಅಡಿಗಲ್ಲು ಇಟ್ಟರು. ಶಿಲ್ಪಿ ಬ್ರಮಾಂತೆಯ ಯೋಜನೆ ಎಷ್ಟು ದೊಡ್ಡದೋ ಖರ್ಚೂ ಅಷ್ಟೇ. ಅವರ ಉತ್ತರಾಧಿಕಾರಿ ಹತ್ತನೆಯ ಲಿಯೋ ಕಾಲದಲ್ಲಿ, ಕಟ್ಟಡಕ್ಕೆ ಕಾಣಿಕೆ ಕೊಟ್ಟವರಿಗೆ ದಂಡವಿಮೋಚನೆಯ ಪತ್ರ ನೀಡುವ ಕ್ರಮ ಜರ್ಮನಿಯಲ್ಲಿ ಹಬ್ಬಿತು. ಅಲ್ಲಿಯ ವ್ಯವಹಾರ ಇನ್ನೂ ಗೋಜಲಾಗಿತ್ತು. ಬ್ರಾಂಡೆನ್‌ಬರ್ಗಿನ ಆಲ್ಬ್ರೆಕ್ಟ್ ಎಂಬ ಯುವಕ ಒಂದಕ್ಕಿಂತ ಹೆಚ್ಚು ಧರ್ಮಪ್ರಾಂತ್ಯಗಳನ್ನು ಏಕಕಾಲಕ್ಕೆ ಹೊಂದಲು ರೋಮಿಗೆ ಭಾರಿ ಶುಲ್ಕ ತೆರಬೇಕಿತ್ತು. ಅದಕ್ಕೆ ಆಗ್ಸ್‌ಬರ್ಗಿನ ಫುಗ್ಗರ್ ಎಂಬ ಲೇವಾದೇವಿ ಮನೆತನದಿಂದ ಸಾಲ ಎತ್ತಿದ್ದ. ಸಂಗ್ರಹವಾದ ಕಾಣಿಕೆಯಲ್ಲಿ ಅರ್ಧ ರೋಮಿಗೆ, ಅರ್ಧ ಆ ಸಾಲ ತೀರಿಸಲು ಎಂದು ಒಪ್ಪಂದವಾಗಿತ್ತು. ದೇವಾಲಯಕ್ಕೆಂದು ನಾಣ್ಯ ಹಾಕಿದ ಬಡ ರೈತಳಿಗೆ ಈ ಲೆಕ್ಕ ತಿಳಿದಿರಲಿಲ್ಲ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಮುಂದಿಟ್ಟ ತೊಂಬತ್ತೈದು ವಾದಗಳಲ್ಲಿ ಸಂತ ಪೇತ್ರರ ದೇವಾಲಯದ ಕಟ್ಟಡದ ಮಾತು ನೇರವಾಗಿಯೇ ಬರುತ್ತದೆ.

ಸಭೆ ಒಡೆಯಲು ಇದೊಂದೇ ಕಾರಣವೆನ್ನುವುದು ಸರಿಯಲ್ಲ. ದೈವಶಾಸ್ತ್ರ, ರಾಜಕಾರಣ, ಅರಸರ ಆಸೆ ಎಲ್ಲವೂ ಸೇರಿದ್ದವು. ಕಿಡಿ ಮಾತ್ರ ಇಲ್ಲಿಂದ ಹಾರಿತು. ಕಾಣಿಕೆ ಎತ್ತುವ ಇಂಥ ದುರ್ಬಳಕೆಯನ್ನು ತ್ರೆಂತ್ ಮಹಾಸಭೆ ತಾನೇ ಖಂಡಿಸಿ ನಿಲ್ಲಿಸಿತು. ಅಷ್ಟರಲ್ಲಿ ಅರ್ಧ ಯೂರೋಪು ಬೇರೆಯಾಗಿತ್ತು. ರಕ್ಷಣೆಯ ಬಗ್ಗೆ ಮೂಲಭೂತ ಸಮ್ಮತಿಯನ್ನು ಸಾರುವ ಜಂಟಿ ಘೋಷಣೆಗೆ ಕಥೋಲಿಕ ಧರ್ಮಸಭೆಯೂ ಲೂಥರನ್ ಒಕ್ಕೂಟವೂ ಸಹಿ ಹಾಕಿದ್ದು 1999ರ ಅಕ್ಟೋಬರ್ 31ರಂದು, ಫುಗ್ಗರರ ಅದೇ ಆಗ್ಸ್‌ಬರ್ಗಿನಲ್ಲಿ.

ಇತ್ತ ಕಟ್ಟಡ ಶಿಲ್ಪಿಯಿಂದ ಶಿಲ್ಪಿಗೆ ದಾಟುತ್ತಾ ನಡೆಯಿತು. ಎಪ್ಪತ್ತು ದಾಟಿದ ಮೈಕೆಲೆಂಜೆಲೊ ಹೊಣೆ ಹೊತ್ತು, ಸಂಬಳ ಬೇಡವೆಂದು, ಸಾಯುವವರೆಗೆ ದುಡಿದ. 1564ರಲ್ಲಿ ಆತ ತೀರಿಕೊಂಡಾಗ ಗುಮ್ಮಟದ ವೃತ್ತಾಕಾರದ ತಳಭಾಗ ಮಾತ್ರ ಎದ್ದಿತ್ತು. ಜಾಕೊಮೊ ದೆಲ್ಲಾ ಪೋರ್ತ 1590ರಲ್ಲಿ ಗುಮ್ಮಟವನ್ನು ಮುಚ್ಚಿದ. ದೇವಾಲಯದ ಪ್ರತಿಷ್ಠೆ 1626ರ ನವೆಂಬರ್ 18ರಂದು. ಅಡಿಗಲ್ಲಿನಿಂದ ನೂರಿಪ್ಪತ್ತು ವರ್ಷ.

ಗುಮ್ಮಟ ಮುಗಿದ ಆ ಹೊತ್ತಿನಲ್ಲೇ ರೋಮಿನ ಬೀದಿಗಳಲ್ಲಿ ಬರಗಾಲವೂ ಸಾಂಕ್ರಾಮಿಕ ರೋಗವೂ ಹರಡಿದ್ದವು. ಒಬ್ಬ ಯುವ ಯೇಸುಸಭೆಯವ ಬೀದಿಯಲ್ಲಿ ಬಿದ್ದ ರೋಗಿಗಳನ್ನು ಎತ್ತಿ ಆಸ್ಪತ್ರೆಗೆ ಒಯ್ಯುತ್ತಿದ್ದ. ಮಾರ್ಕ್ವಿಸ್ ಮನೆತನದ ಹಿರಿಯ ಮಗನಾಗಿ ಬಂದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಬಂದಿದ್ದವ. ಆ ರೋಗವೇ ಅವನಿಗೂ ತಗಲಿ 1591ರ ಜೂನ್ 21ರಂದು, ಇಪ್ಪತ್ಮೂರನೆಯ ವಯಸ್ಸಿನಲ್ಲಿ ಪ್ರಾಣಬಿಟ್ಟ. ಆತನೇ ಸಂತ ಅಲೋಶಿಯಸ್ ಗೊನ್ಜಾಗ. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾದ ಕಾಲೇಜಿಗೆ ಆತನ ಹೆಸರೇ ಇದೆ.

ಆತನ ಸಮಾಧಿ ರೋಮಿನ ಸಂತ ಇಗ್ನೇಷಿಯಸರ ದೇವಾಲಯದಲ್ಲಿದೆ. ಎಲ್ಲ ಪ್ರವಾಸಿಗಳೂ ನಾಣ್ಯ ಎಸೆಯುವ ಟ್ರೆವಿ ಕಾರಂಜಿಯಿಂದ ಅಲ್ಲಿಗೆ ಕೆಲವೇ ನಿಮಿಷಗಳ ನಡಿಗೆ; ಐಸ್‌ಕ್ರೀಮಿಗೆ ಕೊಡುವ ಬಿಡುವಿನಲ್ಲೇ ಹೋಗಿಬರಬಹುದು. ಆ ದೇವಾಲಯಕ್ಕೆ ಗುಮ್ಮಟ ಕಟ್ಟಲಾಗಲಿಲ್ಲ. ಬದಲಿಗೆ 1685ರಲ್ಲಿ ಯೇಸುಸಭೆಯ ಸಹೋದರ ಆಂದ್ರೆಯ ಪೊಜ್ಜೊ ಬಟ್ಟೆಯ ಮೇಲೆ ಗುಮ್ಮಟದ ಚಿತ್ರ ಬರೆದು ಛಾವಣಿಗೆ ಹಚ್ಚಿದ. ನೆಲದಲ್ಲಿ ಗುರುತು ಮಾಡಿದ ಜಾಗದಲ್ಲಿ ನಿಂತರೆ ಅದು ನಿಜವಾದ ಗುಮ್ಮಟದಂತೆಯೇ ಕಾಣುತ್ತದೆ. ಸುಮಾರು ಇನ್ನೂರು ವರ್ಷಗಳ ನಂತರ ಅದೇ ಸಭೆಯ ಇನ್ನೊಬ್ಬ ಇಟಾಲಿಯನ್ ಸಹೋದರ ಅಂತೋನಿಯೊ ಮೊಸ್ಕೇನಿ ಮಂಗಳೂರಿಗೆ ಬಂದು, ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಯ ಮೇಲೆ ಅಲೋಶಿಯಸರ ಬದುಕನ್ನು ಚಿತ್ರಿಸಿದ. ರೋಗಿಗಳ ಸೇವೆಯ ಆ ರೋಮನ್ ಬೀದಿಗಳೂ ಅದರಲ್ಲಿವೆ. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ.