ಮಚ್ಚಿಗೆ ಹೆಸರಿಟ್ಟವರು ಯಾರು?

ದೊಡ್ಡನೆಕ್ಕುಂದಿಯ ಸರ್ವಿಸ್ ರೋಡಿನಲ್ಲಿ ಎಳನೀರು ಮಾರುವವರ ಕೈಯಲ್ಲಿ ಇರೋದು ಮಚ್ಚು. ಅದನ್ನ ನೋಡಿ ನಾವ್ಯಾರೂ ಹೆದರಲ್ಲ. ಒಂದು ಗಂಜಿ ಇರೋದು ಕೊಡಿ ಅಂತ ಫೋನ್ ನೋಡ್ತಾ ನಿಂತಿರ್ತೀವಿ. ಅದೇ ಮಚ್ಚು ಪೇಪರಿನ ಕ್ರೈಮ್ ಪುಟಕ್ಕೆ ಬಂದರೆ ಅದರ ಹೆಸರು 'ಮಾರಕಾಸ್ತ್ರ'. ಸ್ವಲ್ಪ ಉದ್ದ ಮಾಡಿಸಿ ಸಿನಿಮಾ ಹೀರೋ ಕೈಗೆ ಕೊಟ್ಟರೆ 'ಲಾಂಗು'. 1995ರ 'ಓಂ' ಬಂದಮೇಲೆ ಆ ಪದವನ್ನ ಬೆಂಗಳೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಣ ಒಂದೇ, ಹೆಸರು ಮೂರು.

ಇದನ್ನ ಯೋಚಿಸೋಕೆ ಶುರುಮಾಡಿದ್ದು ಚಾಕು ಸಂಗ್ರಹಿಸುವ ಸಹೋದ್ಯೋಗಿಗಳ ಮಾತು ಕೇಳಿ. ಅವರ ಲೋಕದಲ್ಲಿ ಮಡಚುವ ಚಾಕುಗಳಿಗೆ ಮೂರು ಡಬ್ಬಿಗಳಿವೆ: ಟ್ರೆಡಿಷನಲ್, ಮಾಡರ್ನ್, ಟ್ಯಾಕ್ಟಿಕಲ್. ಮರದ ಅಥವಾ ಕೊಂಬಿನ ಹಿಡಿ ಇದ್ದು, ಉಗುರು ಸಿಕ್ಕಿಸಿ ಎರಡೂ ಕೈಯಲ್ಲಿ ಬಿಚ್ಚಬೇಕಾದ್ದು ಟ್ರೆಡಿಷನಲ್. ಹೆಬ್ಬೆರಳಲ್ಲಿ ತಳ್ಳಿದರೆ ಬಿಚ್ಚಿಕೊಂಡು, ಲಾಕ್ ಆಗಿ, ಜೇಬಿಗೆ ಕ್ಲಿಪ್ ಆಗೋದು ಮಾಡರ್ನ್. ಈ ಕಡೆಯದಕ್ಕೆ ದಾರಿ ಮಾಡಿದ್ದು 1981ರಲ್ಲಿ ಅಮೆರಿಕದ ಸ್ಪೈಡರ್ಕೋ ಕಂಪನಿ. ಅಲಗಿನಲ್ಲೊಂದು ದುಂಡು ತೂತು, ಹಿಡಿಗೊಂದು ಕ್ಲಿಪ್ಪು, ಅಷ್ಟೇ. ಇಂಥದ್ದಕ್ಕೇ ಕಪ್ಪು ಬಣ್ಣ ಹೊಡೆದು, ಸೈನ್ಯದ ವಾಸನೆ ಬರುವ ಒಂದು ಹೆಸರಿಟ್ಟರೆ ಟ್ಯಾಕ್ಟಿಕಲ್. 1990ರ ದಶಕದಲ್ಲಿ ಈ ಮಾತು ಮಾರುಕಟ್ಟೆಯಲ್ಲಿ ಚೆನ್ನಾಗಿ ಓಡಿತು.

ತಮಾಷೆ ನೋಡಿ. ಸ್ವಿಸ್ ಆರ್ಮಿ ಚಾಕು 1891ರಲ್ಲಿ ನಿಜವಾಗಿಯೂ ಒಂದು ಸೈನ್ಯಕ್ಕಾಗಿ ಬಂದದ್ದು. ಸೈನಿಕರು ಅದರಲ್ಲಿ ಡಬ್ಬಿ ತೆರೆಯುತ್ತಿದ್ದರು, ರೈಫಲ್ ಬಿಚ್ಚುತ್ತಿದ್ದರು. ಅದನ್ನ ಯಾರೂ ಟ್ಯಾಕ್ಟಿಕಲ್ ಅನ್ನಲ್ಲ. ಆ ಹೆಸರಿರೋ ಚಾಕು ನಮ್ಮ ಟೆಕ್ ಪಾರ್ಕುಗಳಲ್ಲಿ ಆನ್‌ಲೈನ್ ಪಾರ್ಸೆಲ್ಲಿನ ಟೇಪು ಕತ್ತರಿಸುತ್ತಿದೆ. ಅಂದರೆ ಹೆಸರು ಹೇಳ್ತಿರೋದು ಚಾಕು ಏನು ಮಾಡುತ್ತೆ ಅಂತಲ್ಲ, ಇಟ್ಟುಕೊಂಡವನಿಗೆ ತಾನು ಏನಾಗಿ ಕಾಣಬೇಕು ಅಂತ.

ಮಾರುವವರು ಹೆಸರಿಟ್ಟರೆ ಹೋಗೋದು ನಮ್ಮ ದುಡ್ಡು. ಸರ್ಕಾರ ಹೆಸರಿಟ್ಟರೆ ಏನೇನು ಹೋಗುತ್ತೆ ಅಂತ ತಿಳಿಯೋಕೆ ಕರ್ನಾಟಕದ ಎರಡು ಜಾಗ ನೋಡಬೇಕು.

ಮೊದಲನೆಯದು ಹಲಗಲಿ. ಹೈಸ್ಕೂಲಿನಲ್ಲಿ ಲಾವಣಿ ಓದಿದವರಿಗೆ ಹೆಸರು ನೆನಪಿರುತ್ತೆ. ಇಂದಿನ ಬಾಗಲಕೋಟೆ ಜಿಲ್ಲೆಯ ಊರು, ಆಗ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. 1857ರ ದಂಗೆಯಿಂದ ಬೆಚ್ಚಿದ ಕಂಪನಿ ಸರ್ಕಾರ ಅದೇ ವರ್ಷ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಿತು. ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಕಾವಲು, ಮನೆತನದ ಮಾನ ಎಲ್ಲವೂ. ಕೊಡಲ್ಲ ಅಂದರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂತು, ಊರಿಗೆ ಬೆಂಕಿ ಬಿತ್ತು, ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಮುಂದೆ ಜೆ. ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ ಆ ಲಾವಣಿಯನ್ನ ಸಂಗ್ರಹಿಸಿ ಪ್ರಕಟಿಸಿದ.

ಎರಡನೆಯದು ಕೊಡಗು. ಕೊಡವರ ಒಡಿಕತ್ತಿಯನ್ನ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ತುದಿಗೆ ಹೋದಂತೆ ಅಗಲವಾಗುವ, ಒಳಬಾಗಿನಲ್ಲಿ ಹರಿತ ಇರುವ, ಭಾರವಾದ ಅಲಗು. ಕಾಡು ಸವರೋಕೂ ಆಗುತ್ತೆ, ಕಾಳಗಕ್ಕೂ ಆಗುತ್ತೆ. ಅದನ್ನ ಸಿಕ್ಕಿಸೋದು ಬೆನ್ನ ಹಿಂದೆ, 'ತೊಡಂಗ್' ಎಂಬ ಲೋಹದ ಕೊಂಡಿಗೆ. ಎರಡೂ ಕೈ ಖಾಲಿ, ಕತ್ತಿ ಮಾತ್ರ ಕೈಗೆಟುಕುವಷ್ಟು ದೂರದಲ್ಲಿ. ಸ್ಪೈಡರ್ಕೋದವರು ಕ್ಲಿಪ್ಪಿನಲ್ಲಿ ಬಿಡಿಸಿದ ಲೆಕ್ಕವೂ ಇದೇ ಅಲ್ವಾ? ಮುಂದುಗಡೆ ಸೊಂಟದ ಚೇಲೆಯಲ್ಲಿ ಬೆಳ್ಳಿ ಕೆಲಸದ ಚಿಕ್ಕ ಪೀಚೆಕತ್ತಿ. ಇಂದು ಇವೆರಡನ್ನೂ ಮದುವೆ ಫೋಟೋದಲ್ಲಿ ನೋಡಿ ನಾವು 'ಟ್ರೆಡಿಷನಲ್' ಅಂತೀವಿ. ತಮ್ಮ ಕಾಲದಲ್ಲಿ ಅವು ಪಕ್ಕಾ ಟ್ಯಾಕ್ಟಿಕಲ್ ಆಗಿದ್ದವು.

1834ರಲ್ಲಿ ಕೊಡಗು ಬ್ರಿಟಿಷರ ವಶವಾಯಿತು. 1837ರಲ್ಲಿ ಸುಳ್ಯದ ಕಡೆಯಿಂದ ರೈತರ ದಂಡು ಎದ್ದಾಗ ಕಂಪನಿಯ ಪರ ನಿಂತ ಕೊಡವರಿಗೆ ಪದಕ ಕೊಟ್ಟರು. ಆ ಪದಕದ ಮೇಲಿನ ಚಿತ್ರ ಏನು ಗೊತ್ತಾ? ಕತ್ತಿ ಎತ್ತಿ ನಿಂತ ಕೊಡವ ಯೋಧ. ಹಲಗಲಿ ಸುಟ್ಟು ನಾಲ್ಕು ವರ್ಷವೂ ತುಂಬಿರಲಿಲ್ಲ, 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನ ಆಯುಧ ಕಾಯ್ದೆಯಿಂದ ಹೊರಗಿಟ್ಟ. ಹೌದು, ನಾವು ವಾಕಿಂಗ್ ಹೋಗುವ ಪಾರ್ಕಿನ ಅದೇ ಕಬ್ಬನ್. ಕಾರಣ, ಅವರ ನಿಷ್ಠೆ. ಒಂದು ಕಡೆ ಕತ್ತಿ ಅಂದರೆ ದಂಗೆ, ಇನ್ನೊಂದು ಕಡೆ ಕತ್ತಿ ಅಂದರೆ ಗೌರವ. ಅಲಗಿನ ಉದ್ದ ಅಗಲ ಯಾರೂ ಅಳೆಯಲಿಲ್ಲ. ಅಳೆದದ್ದು ಹಿಡಿದ ಕೈ ಯಾರದು ಅಂತ.

ಇದು ಕೊಡವರ ಮೇಲಿನ ದೂರಲ್ಲ. ಅವರಿಗೆ ಕತ್ತಿ, ಕೋವಿ ನಾಮಕರಣದಿಂದ ಸಾವಿನವರೆಗಿನ ಸಂಸ್ಕಾರದ ಭಾಗ. ನಾಟಿ ಕೆಲಸದ ಕಾಲದಲ್ಲಿ ಒಳಗಿಟ್ಟ ಆಯುಧಗಳನ್ನ ಹೊರತೆಗೆದು ಪೂಜಿಸುವ ಕೈಲ್‌ಪೊಳ್ದ್ ಹಬ್ಬವೇ ಇದೆ. ಆದರೆ ಅಂಥದ್ದೇ ಸಂಬಂಧ ಬೇಡರಿಗೂ ಇತ್ತು, ಅದನ್ನ ಕೇಳಿಸಿಕೊಳ್ಳುವವರು ಇರಲಿಲ್ಲ ಅನ್ನೋದು ನನ್ನ ಮಾತು. ಕೊಡವರ ಮತ್ತು ಜಮ್ಮಾ ಹಿಡುವಳಿದಾರರ ವಿನಾಯಿತಿ ಇಂದಿಗೂ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿ ಹಾಕಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು.

ಸ್ವತಂತ್ರ ಭಾರತ ಬರೆದುಕೊಂಡದ್ದು 1959ರ ಆಯುಧ ಕಾಯ್ದೆ. ಅದರ ಕೆಳಗೆ ಬಂದ 1962ರ ನಿಯಮಗಳು ಅಳತೆಪಟ್ಟಿ ಹಿಡಿದವು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಆಯುಧಗಳ ಪಟ್ಟಿಗೆ. ಆದರೆ ಮನೆ, ಹೊಲ, ವಿಜ್ಞಾನ, ಕೈಗಾರಿಕೆಯ ಕೆಲಸಕ್ಕೆಂದು ಮಾಡಿದ್ದಾದರೆ ಬಿಡುಗಡೆ. ಹಾಗಾಗಿ ಎಳನೀರಿನ ಮಚ್ಚು, ಅಜ್ಜಿಯ ಈಳಿಗೆಮಣೆ, ಪೀಣ್ಯದ ಶೀಟ್ ಕಟ್ಟರ್ ಎಲ್ಲವೂ ಕೆಲಸದ ಸಾಮಾನು. ಅಪರಾಧ ಕಾನೂನಿನ ಲೆಕ್ಕ ಬೇರೆ. ಅಲ್ಲಿ ಇರಿಯೋಕೆ, ಕಡಿಯೋಕೆ ಬಳಸಿದ್ದೇನೇ ಇರಲಿ, ಗಾಯ ಆದಮೇಲೆ ಅದು ಅಪಾಯಕಾರಿ ಆಯುಧವೇ. ಒಂದು ಕಾನೂನು ಚಾಕು ಯಾಕೆ ಹುಟ್ಟಿತು ಅಂತ ಕೇಳುತ್ತೆ, ಇನ್ನೊಂದು ಅದು ಏನು ಮಾಡಿತು ಅಂತ.

ಈ ಎರಡರ ನಡುವೆ ದಿನನಿತ್ಯದ ಜಾಗವೊಂದಿದೆ. ಅಲ್ಲಿ ಚಾಕು ಹುಟ್ಟಿದ ಕಾರಣ ಯಾರಿಗೂ ಗೊತ್ತಿಲ್ಲ, ಅದಿನ್ನೂ ಏನೂ ಮಾಡಿಲ್ಲ. ಬ್ಯಾಗಿನಲ್ಲಿ ಸುಮ್ಮನೆ ಮಲಗಿದೆ. ಅಂಥಾ ಹೊತ್ತಲ್ಲಿ ತಪಾಸಣೆ ಮಾಡುವವರು ನೋಡೋದು ಮುಖ, ಬಟ್ಟೆ, ಮಾತಿನ ಧಾಟಿ, ಕೊರಳಲ್ಲಿ ನೇತಾಡುವ ಐಡಿ ಕಾರ್ಡು. ನನ್ನ ಸಹೋದ್ಯೋಗಿ 'ಸರ್, ಇದು ಹಾಬಿ' ಅಂದರೆ ಬಹುಶಃ ನಕ್ಕು ಬಿಡ್ತಾರೆ. ರಾತ್ರಿ ಪಾಳಿ ಮುಗಿಸಿ ನಡೆದು ಹೋಗುವ ಗೋಡೌನ್ ಹುಡುಗ ಪೆಟ್ಟಿಗೆ ಕತ್ತರಿಸುವ ಬ್ಲೇಡಿನ ಬಗ್ಗೆ ಅದೇ ಮಾತು ಹೇಳಿದರೆ? 1857 ಮತ್ತು 1861ರ ನಡುವಿನ ವ್ಯತ್ಯಾಸ ನನಗೆ ಅಲ್ಲಿ ಈಗಲೂ ಕಾಣುತ್ತೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೊಂದು ದಾರಿ ಮೊದಲಿಂದ ಇದೆ. ಆಯುಧಪೂಜೆ ದಿನ ದೊಡ್ಡನೆಕ್ಕುಂದಿ ಇಂಡಸ್ಟ್ರಿಯಲ್ ಏರಿಯಾದ ಶೆಡ್ಡುಗಳಲ್ಲಿ ಲೇತ್ ಮಷೀನಿಗೆ ಹಾರ, ಮಟನ್ ಅಂಗಡಿಯಲ್ಲಿ ಕತ್ತಿಗೆ ಕುಂಕುಮ, ಆಫೀಸಿನಲ್ಲಿ ಲ್ಯಾಪ್‌ಟಾಪಿಗೆ ಅರಿಶಿನ. ಮೂರಕ್ಕೂ ಒಂದೇ ಪದ, ಆಯುಧ. ಹೊಟ್ಟೆ ತುಂಬಿಸುವ ಸಾಮಾನು ಅನ್ನೋ ಅರ್ಥದಲ್ಲಿ ಆ ಹುಡುಗನ ಬ್ಲೇಡಿಗೂ ಅಲ್ಲೊಂದು ಹೂವು ಸಲ್ಲುತ್ತೆ. ವರ್ಷದ ಉಳಿದ 364 ದಿನವೂ ಅವನ ಬ್ಯಾಗು ತೆರೆದಾಗ ಅದನ್ನ ಹಾಗೆ ನೋಡೋಕಾಗುತ್ತಾ ಅನ್ನೋದೇ ಪ್ರಶ್ನೆ.